ಉತ್ಸಾಹ ಬರಲೆಂದು ಕಾಯಬೇಕೆ?

ತೂಕ ಇಳಿಸಬೇಕೆಂಬ ಆಸೆ ನಿಮಗಿದೆ. ಆದರೆ ಸಲಕರಣೆಗಳಿಲ್ಲ, ಮನಸ್ಸೂ ಬರುತ್ತಿಲ್ಲ ಎನ್ನುತ್ತೀರಿ. ಮನಸ್ಸು ಬಂದಾಗ ಮಾತ್ರ ಮಾಡುವುದಾದರೆ ಅದು ಕರ್ತವ್ಯ ಹೇಗಾದೀತು? ಹಸಿದ ಮಗುವಿಗೆ ಅಡುಗೆ ಮಾಡಲು ತಾಯಿ ಉತ್ಸಾಹಕ್ಕಾಗಿ ಕಾಯುವುದಿಲ್ಲ. ದೇಹವೂ ನಮಗೆ ವಹಿಸಲ್ಪಟ್ಟ ಅಮಾನತ್ತು.

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯುವಷ್ಟಾದರೂ ಶ್ರಮಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ 2020ರ ಮಾರ್ಗಸೂಚಿಯಂತೆ ಒಂದೆರಡು ನಿಮಿಷದ ಚಲನೆಯೂ ಲೆಕ್ಕಕ್ಕೆ ಸೇರುತ್ತದೆ. ಮೆಟ್ಟಿಲು ಹತ್ತಿರಿ. ಕುರ್ಚಿಯಿಂದ ಹತ್ತು ಸಲ ಎದ್ದು ಕುಳಿತುಕೊಳ್ಳಿರಿ. ಇದಕ್ಕೆ ಯಾವ ಸಲಕರಣೆ ಬೇಕು? ಆದರೆ ಊಟದಲ್ಲಿ ಮಿತಿಯಿಲ್ಲದಿದ್ದರೆ ವ್ಯಾಯಾಮವೊಂದರಿಂದಲೇ ತೂಕ ಇಳಿಯುವುದು ಕಷ್ಟ.

ಇಂದು ಐದು ನಿಮಿಷ ನಡೆಯಿರಿ. ನಾಳೆಯೂ ಅದೇ ಹೊತ್ತಿಗೆ ಹೊರಡಿರಿ. ಉತ್ಸಾಹ ನಿಮ್ಮ ಹಿಂದಿನಿಂದ ಬಂದೀತು. ಬಾರದಿದ್ದರೂ ನಡೆದದ್ದು ವ್ಯರ್ಥವಾಗದು.