ಗುರುವಿಲ್ಲದ ವಿದ್ಯೆಯ ಪ್ರಾಮಾಣ್ಯ

ಗುರುಮುಖದಿಂದ ಪಡೆಯದ ವಿದ್ಯೆ ವಿದ್ಯೆಯೇ ಎಂಬ ಪ್ರಶ್ನೆ ಭಾರತೀಯ ಚಿಂತನೆಯಲ್ಲಿ ಹಳೆಯದು. ವಿಶ್ವವಿದ್ಯಾಲಯಗಳ ಪಾಠಗಳು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯತೊಡಗಿದ ಮೇಲೆ ಅದನ್ನು ಮತ್ತೊಮ್ಮೆ ಕೇಳಬೇಕಾಗಿದೆ. ಅಮೆರಿಕದ ಎಂಐಟಿ ತನ್ನ ಪಠ್ಯಸಾಮಗ್ರಿಯನ್ನು ಎಲ್ಲರಿಗೂ ತೆರೆದಿಡುವುದಾಗಿ 2001ರಲ್ಲಿ ಘೋಷಿಸಿತು. 2003ರಲ್ಲಿ ಏಳು ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ಉಪನ್ಯಾಸಗಳನ್ನು ಅಂತರ್ಜಾಲದಲ್ಲಿ ಒದಗಿಸುವ ಎನ್‌ಪಿಟಿಇಎಲ್ ಯೋಜನೆಯನ್ನು ಆರಂಭಿಸಿದವು. 2011ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆಯ ಪಾಠಕ್ಕೆ 1.5 ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ನೋಂದಾಯಿಸಿದರು. ಇಂತಹ ಕಲಿಕೆಗೆ ಕಂಪ್ಯೂಟರ್ ವಿಜ್ಞಾನ ವಿಶೇಷವಾಗಿ ಒಗ್ಗುತ್ತದೆ, ಏಕೆಂದರೆ ಪಾಠ ಕೇಳುವ ಯಂತ್ರವೇ ಇಲ್ಲಿ ಪ್ರಯೋಗಶಾಲೆಯೂ ಆಗಿದೆ.

ಕಾಣದ ಉಪನ್ಯಾಸಕನ ಮಾತನ್ನು ನಂಬಬಹುದೇ ಎಂಬ ಮೊದಲ ಸಂದೇಹಕ್ಕೆ ನ್ಯಾಯದರ್ಶನದಲ್ಲಿ ಉತ್ತರವಿದೆ. ಆ ದರ್ಶನ ಒಪ್ಪುವ ನಾಲ್ಕು ಪ್ರಮಾಣಗಳಲ್ಲಿ, ಅಂದರೆ ಜ್ಞಾನಸಾಧನಗಳಲ್ಲಿ, ಶಬ್ದವೂ ಒಂದು. ಶಬ್ದವೆಂದರೆ ಆಪ್ತನ ಮಾತು. ವಿಷಯವನ್ನು ತಾನೇ ಕಂಡು ತಿಳಿದು, ಕಂಡದ್ದನ್ನು ಕಂಡಂತೆ ತಿಳಿಸಬಯಸುವವನೇ ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಭಾಷ್ಯಕಾರ ವಾತ್ಸ್ಯಾಯನ ಸ್ಪಷ್ಟವಾಗಿ ಹೇಳಿರುವುದರಿಂದ, ಹೇಳುವವನ ಕುಲವಾಗಲಿ ದೇಶವಾಗಲಿ ಮಾತಿನ ಪ್ರಾಮಾಣ್ಯವನ್ನು ಕುಗ್ಗಿಸಲಾರದು. ಜನ್ಮದ ಕಾರಣಕ್ಕೂ ಹಣದ ಕಾರಣಕ್ಕೂ ವಿದ್ಯೆಯಿಂದ ಹೊರಗುಳಿದವರ ದೀರ್ಘ ಇತಿಹಾಸವನ್ನು ಬಲ್ಲ ನಾಡಿನಲ್ಲಿ, ಕೇಳುವ ಅಧಿಕಾರ ಹೀಗೆ ಮುಕ್ತವಾದುದು ಸಣ್ಣ ಧರ್ಮಕಾರ್ಯವಲ್ಲ.

ಕೇಳಿದ್ದು ನಿಜವಾಗಿ ತಿಳಿಯಿತೇ ಎಂಬ ಎರಡನೆಯ ಸಂದೇಹ ಇದಕ್ಕಿಂತ ಗಹನವಾದುದು. ಮೀಮಾಂಸಕರ ಪ್ರಕಾರ ಜ್ಞಾನದ ಪ್ರಾಮಾಣ್ಯ, ಅಂದರೆ ಅದರ ಸತ್ಯತೆ, ಜ್ಞಾನದೊಡನೆಯೇ ತಿಳಿಯುತ್ತದೆ. ಬಾಧಕ ತೋರುವವರೆಗೆ ಅದನ್ನು ಶಂಕಿಸಬೇಕಾಗಿಲ್ಲ. ನೈಯಾಯಿಕರು ಇದನ್ನು ಒಪ್ಪುವುದಿಲ್ಲ: ನೀರೆಂದು ತಿಳಿದು ಹೋದವನ ಬಾಯಾರಿಕೆ ತಣಿದಾಗಲೇ ಆ ತಿಳಿವು ನಿಜವೆಂದು ನಿಶ್ಚಯವಾಗುತ್ತದೆ ಎನ್ನುವ ಅವರು ಈ ಸಫಲತೆಯನ್ನು ಪ್ರವೃತ್ತಿಸಾಮರ್ಥ್ಯವೆಂದು ಕರೆಯುತ್ತಾರೆ. ಅಂತರ್ಜಾಲದ ಪಾಠಗಳು ನಿಂತಿರುವುದು ಈ ಎರಡನೆಯ ನಿಲುವಿನ ಮೇಲೆಯೇ. ವಿದ್ಯಾರ್ಥಿ ಬರೆದ ಪ್ರೋಗ್ರಾಂಗೆ ಯಂತ್ರವೇ ಮೊದಲೇ ಗೊತ್ತುಮಾಡಿದ ಪ್ರಶ್ನೆಗಳನ್ನು ಕೊಟ್ಟು, ಉತ್ತರ ಹೊಂದಿದರೆ ಅಂಕ ನೀಡುತ್ತದೆ. ಪ್ರೋಗ್ರಾಂ ನಡೆದರೆ ವಿದ್ಯೆ ಬಂತೆಂದು ಅರ್ಥ.

ಆದರೆ ನಡೆಯುವುದೆಲ್ಲ ಸರಿಯಿರಬೇಕೆಂದಿಲ್ಲ. ಅಕಾರಾದಿಯಾಗಿ ಜೋಡಿಸಿದ ಪಟ್ಟಿಯಲ್ಲಿ ಒಂದು ಹೆಸರನ್ನು ಹುಡುಕಲು ನಡುವಿನ ಹೆಸರನ್ನು ನೋಡಿ, ಬೇಡದ ಅರ್ಧವನ್ನು ಬಿಟ್ಟು, ಉಳಿದರ್ಧದಲ್ಲಿ ಅದೇ ಕ್ರಮವನ್ನು ಮುಂದುವರಿಸುವ ವಿಧಾನಕ್ಕೆ ಬೈನರಿ ಸರ್ಚ್ ಎಂದು ಹೆಸರು. ನಡುವಿನ ಸ್ಥಾನವನ್ನು ಪಡೆಯಲು ಮೊದಲ ಮತ್ತು ಕೊನೆಯ ಸ್ಥಾನಗಳ ಸಂಖ್ಯೆಗಳನ್ನು ಕೂಡಿ ಎರಡರಿಂದ ಭಾಗಿಸುತ್ತಾರೆ. ಧನ, ಋಣ ಎರಡೂ ಆಗಬಲ್ಲ 32 ಬಿಟ್‌ಗಳ ಪೂರ್ಣಾಂಕ 2,14,74,83,647ನ್ನು ಮೀರಲಾರದು. ಪಟ್ಟಿಯ ಉದ್ದ ಸುಮಾರು 107 ಕೋಟಿಯನ್ನು ದಾಟಿದಾಗ ಆ ಕೂಡಿಕೆ ಈ ಮಿತಿಯನ್ನು ಮೀರಿ ಋಣಸಂಖ್ಯೆಯಾಗಬಹುದು. ಜಾವಾ ಭಾಷೆಯೊಡನೆ ಬರುವ ಸಿದ್ಧ ಪ್ರೋಗ್ರಾಂನಲ್ಲಿ ಈ ದೋಷ ಸುಮಾರು 9 ವರ್ಷ ಅಡಗಿದ್ದುದನ್ನು ಆ ಪ್ರೋಗ್ರಾಂ ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಪ್ರಕಟಪಡಿಸಿದರು. ಕಂಪ್ಯೂಟರ್ ವಿಜ್ಞಾನಿ ಜಾನ್ ಬೆಂಟ್ಲಿ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಸರಿಯೆಂದು ತರ್ಕದಿಂದ ಸಾಧಿಸಿ ತೋರಿಸಿದ್ದ ಪ್ರೋಗ್ರಾಂನಲ್ಲಿಯೂ ಇದೇ ದೋಷವಿತ್ತು. ಯಂತ್ರದ ಒಪ್ಪಿಗೆಯೂ ಸ್ವಂತ ತರ್ಕವೂ ಕೂಡಿ ತಪ್ಪಬಲ್ಲವಾದರೆ, ಒಂಟಿ ವಿದ್ಯಾರ್ಥಿಯ ನಿಶ್ಚಯಕ್ಕೆ ಆಧಾರವೇನು?

ವೇದಾಂತವು ಜ್ಞಾನಕ್ಕೆ ಶ್ರವಣ, ಮನನ, ನಿದಿಧ್ಯಾಸನ ಎಂಬ ಮೂರು ಹಂತಗಳನ್ನು ಹೇಳುತ್ತದೆ: ಕೇಳುವುದು, ಕೇಳಿದ್ದನ್ನು ಸಂಶಯ ಹರಿಯುವವರೆಗೆ ವಿಚಾರಿಸುವುದು, ನಿಶ್ಚಿತವಾದುದರಲ್ಲಿ ಚಿತ್ತವನ್ನು ನೆಲೆಗೊಳಿಸುವುದು. ಛಾಂದೋಗ್ಯೋಪನಿಷತ್ತಿನ ಸತ್ಯಕಾಮ ಜಾಬಾಲ ವೃಷಭ, ಅಗ್ನಿ, ಹಂಸ, ನೀರಕ್ಕಿಗಳಿಂದ ಬ್ರಹ್ಮದ ನಾಲ್ಕು ಪಾದಗಳನ್ನೂ ಕಲಿತು ಬಂದ ಮೇಲೂ ಆಚಾರ್ಯ ಗೌತಮರ ಮುಂದೆ ಉಪದೇಶ ಬೇಡಿದ. ಆಚಾರ್ಯರು ಅದನ್ನೇ, ಏನನ್ನೂ ಬಿಡದೆ, ಮತ್ತೆ ಹೇಳಿದರು. ಗುರುವಿನಿಂದ ದೊರೆತದ್ದು ಹೊಸ ವಿಷಯವಲ್ಲ, ಇದ್ದ ವಿಷಯದ ನಿಶ್ಚಯ ಎಂದು ಈ ಪ್ರಸಂಗವನ್ನು ಓದಬಹುದು. ಉಚಿತ ಪಾಠಗಳು ಶ್ರವಣವನ್ನು ಪೂರ್ಣವಾಗಿ ಕೊಡುತ್ತವೆ. ಮನನಕ್ಕೆ ಬೇಕಾದದ್ದು ಕಲಿಯುವವನಿಗೆ ತಾನಾಗಿ ಹೊಳೆಯದ ಸಂಶಯವನ್ನು ಎತ್ತಬಲ್ಲ ಇನ್ನೊಬ್ಬರ ಬುದ್ಧಿ.

ಆ ಇನ್ನೊಬ್ಬರು ಗುರುವೇ ಆಗಬೇಕೆಂಬ ನಿರ್ಬಂಧ ಶಾಸ್ತ್ರದಲ್ಲಿಯೂ ಇಲ್ಲ. ಗೆಲುವಿಗಾಗಿಯಲ್ಲದೆ ತತ್ತ್ವನಿರ್ಣಯಕ್ಕಾಗಿ ನಡೆಯುವ ಚರ್ಚೆಗೆ ನ್ಯಾಯಶಾಸ್ತ್ರ ವಾದವೆಂದು ಹೆಸರಿಟ್ಟು, ಅದನ್ನು ಗುರುವಿನೊಡನೆ ಮಾತ್ರವಲ್ಲ, ಶಿಷ್ಯನೊಡನೆಯೂ ಸಹಪಾಠಿಯೊಡನೆಯೂ ನಡೆಸಬೇಕೆಂದು ವಿಧಿಸುತ್ತದೆ. ಊರಿನ ಗ್ರಂಥಾಲಯದಲ್ಲಿ ಇಬ್ಬರು ಕೂತು, ಒಬ್ಬರು ಬರೆದ ಪ್ರೋಗ್ರಾಂನ ಪ್ರತಿ ಸಾಲಿಗೂ ಇನ್ನೊಬ್ಬರು ಕಾರಣ ಕೇಳಿ, ಕಾರಣ ದೊರೆಯದ ಸಾಲನ್ನು ಅಳಿಸಿ ಮತ್ತೆ ಬರೆದರೆ, ಅದು ಪೂರ್ಣಾರ್ಥದಲ್ಲಿ ಮನನವೇ. ಆದುದರಿಂದ ಗುರುವಿಲ್ಲದ ವಿದ್ಯೆಯೂ ವಿದ್ಯೆಯಾಗಬಲ್ಲದು, ಪ್ರಶ್ನಿಸುವವರಿಲ್ಲದ ವಿದ್ಯೆ ಆಗಲಾರದು. ಪಾಠವನ್ನು ದಾನವಾಗಿ ಪಡೆದವರು ಮತ್ತೊಬ್ಬ ವಿದ್ಯಾರ್ಥಿಯ ಪ್ರಶ್ನೆಗೆ ತಮ್ಮ ಸಮಯವನ್ನು ಕೊಡುವುದು ಆ ಋಣಕ್ಕೆ ಸಂದಾಯವಷ್ಟೇ ಅಲ್ಲ, ತಮ್ಮ ತಿಳಿವು ನಿಜವೇ ಎಂದು ತಿಳಿಯಲು ಅವರಿಗಿರುವ ಮಾರ್ಗವೂ ಹೌದು.