ರಾಗಿ ಬೀಸುವುದು ತಪ್ಪಿತಲ್ಲವೇ?

ಹೊಸ ಮುಖ್ಯಮಂತ್ರಿಯೊಬ್ಬರು ಪ್ರಮಾಣವಚನ ಸ್ವೀಕರಿಸುವ ದಿನ ನಾಡಿನಲ್ಲಿ ಎರಡು ಬಗೆಯ ಸದ್ದು ಕೇಳಿಸುತ್ತದೆ. ಒಂದು ಪಟಾಕಿಯದು, ಇನ್ನೊಂದು ನಿಟ್ಟುಸಿರಿನದು. 2023ರ ಮೇ 20ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸಿದ್ದರಾಮಯ್ಯನವರು ಎರಡನೇ ಬಾರಿಗೆ ಮುಖ್ಯಮಂತ್ರಿಯಾದಾಗಲೂ ಇವೆರಡೂ ಕೇಳಿಸಿದವು. ಆ ಕ್ರೀಡಾಂಗಣದಿಂದ ನಮ್ಮ ವಿಲ್ಸನ್ ಗಾರ್ಡನ್‌ಗೆ ಕೆಲವೇ ಕಿಲೋಮೀಟರ್. ಆದರೆ ಪಟಾಕಿಯ ಸದ್ದು ಒಂದೇ ದಿನಕ್ಕೆ ಮುಗಿಯುತ್ತದೆ. ನಿಟ್ಟುಸಿರು ಮಾತ್ರ ಹೊಟೇಲಿನ ಮುಂದೆ, ಕ್ಷೌರದಂಗಡಿಯಲ್ಲಿ, ಮಸೀದಿಯ ಮೆಟ್ಟಿಲ ಮೇಲೆ, ಲಾಲ್‌ಬಾಗಿಗೆ ಬೆಳಗಿನ ನಡಿಗೆಗೆ ಬರುವ ಹಿರಿಯರ ಬೆಂಚಿನಲ್ಲಿ ಐದು ವರ್ಷವೂ ಉಳಿಯುತ್ತದೆ. ಅದಕ್ಕೊಂದು ಹಳೆಯ ಗಾದೆಯ ಬೆಂಬಲವೂ ಇದೆ: ಯಾವ ರಾಜ ಬಂದರೂ ರಾಗಿ ಬೀಸುವುದು ತಪ್ಪೀತೇ?

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹೊಸ ನಾಯಕನ ಮೇಲೆ ಭರವಸೆ ಇಡುವುದು ಒಳ್ಳೆಯ ಗುಣವೋ, ಅಥವಾ ಮೋಸ ಹೋಗಲು ನಾವೇ ಮಾಡಿಕೊಳ್ಳುವ ಸಿದ್ಧತೆಯೋ? ರಾಜಕೀಯದ ಪ್ರಶ್ನೆಯಂತೆ ಕಂಡರೂ ಇದು ಬುಡದಲ್ಲಿ ನೈತಿಕ ಪ್ರಶ್ನೆ. ಏಕೆಂದರೆ ನಾವು ಏನನ್ನು ನಿರೀಕ್ಷಿಸುತ್ತೇವೆಯೋ ಅದಕ್ಕೆ ತಕ್ಕಂತೆಯೇ ನಡೆದುಕೊಳ್ಳುತ್ತೇವೆ.

ಮೊದಲು ನಿರಾಶರ ವಾದವನ್ನು ನ್ಯಾಯವಾಗಿ ಕೇಳೋಣ. ಅವರ ಬಳಿ ಸಾಕ್ಷ್ಯಕ್ಕೆ ಕೊರತೆಯಿಲ್ಲ. 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದಾಗ ಹುಟ್ಟಿದ ನಿರೀಕ್ಷೆ ಅಷ್ಟಿಷ್ಟಲ್ಲ. ಮೌಲ್ಯಾಧಾರಿತ ರಾಜಕಾರಣ ಎಂಬ ಮಾತು ಆಗ ಮನೆಮಾತಾಯಿತು. 1988ರಲ್ಲಿ ಟೆಲಿಫೋನ್ ಕದ್ದಾಲಿಕೆಯ ಆರೋಪದ ನಡುವೆ ಅದೇ ಹೆಗಡೆ ರಾಜೀನಾಮೆ ಕೊಟ್ಟರು. 2008ರಿಂದ 2013ರವರೆಗಿನ ಒಂದೇ ಅವಧಿಯಲ್ಲಿ ರಾಜ್ಯ ಮೂವರು ಮುಖ್ಯಮಂತ್ರಿಗಳನ್ನು ಕಂಡಿತು. 2018ರ ಮೇ ತಿಂಗಳಲ್ಲಿ ಒಂದು ಸರಕಾರ ಬಹುಮತ ಸಾಬೀತುಪಡಿಸಲಾಗದೆ ಮೂರೇ ದಿನಗಳಲ್ಲಿ ಇಳಿಯಿತು. ಒಂದು ಚಿಹ್ನೆಯಡಿ ಗೆದ್ದವರು ಇನ್ನೊಂದು ಚಿಹ್ನೆಯಡಿ ಮಂತ್ರಿಗಳಾದರು. ಇಷ್ಟೆಲ್ಲ ನೋಡಿದ ಮೇಲೂ ಭರವಸೆ ಇಡಿ ಎಂದರೆ, ನಿಮಗೆ ಕಣ್ಣಿಲ್ಲವೇ ಎಂದು ಅವರು ಕೇಳುವುದು ಸಹಜವೇ.

ಅವರ ಕಣ್ಣು ಸರಿಯಾಗಿಯೇ ಇದೆ. ತಪ್ಪಿರುವುದು ಅವರ ಲೆಕ್ಕ. ಆ ಗಾದೆಯನ್ನೇ ತೆಗೆದುಕೊಳ್ಳಿ. ರಾಗಿ ಬೀಸುವುದು ತಪ್ಪೀತೇ ಎಂದು ಕೇಳಿದವರ ಮೊಮ್ಮಕ್ಕಳು ಇಂದು ರಾಗಿ ಬೀಸುತ್ತಿಲ್ಲ. ಕೋಳಿ ಕೂಗುವ ಮೊದಲೇ ಎದ್ದು ಕಲ್ಲಿನ ಗೂಟ ಹಿಡಿಯುತ್ತಿದ್ದ ಆ ತಲೆಮಾರಿನ ಹೆಂಗಸರ ದುಡಿಮೆ ನಮ್ಮ ಕಣ್ಣೆದುರೇ ಮುಗಿದುಹೋಯಿತು. ಊರಿಗೆ ವಿದ್ಯುತ್ ಕಂಬ ಬಂತು, ಹಿಂದೆಯೇ ಹಿಟ್ಟಿನ ಗಿರಣಿ ಬಂತು. ಆ ಕಂಬ ತಾನಾಗಿ ನೆಡಲ್ಪಡಲಿಲ್ಲ. ಯಾರೋ ಅರ್ಜಿ ಬರೆದರು, ಯಾರೋ ಕಚೇರಿಗೆ ಅಲೆದರು, ಯಾವುದೋ ಸರಕಾರ ಮಂಜೂರು ಮಾಡಿತು. ಗಾದೆ ಸುಳ್ಳಾಯಿತು. ನಾವು ಮಾತ್ರ ಅದನ್ನು ಹೇಳುವುದನ್ನು ಬಿಟ್ಟಿಲ್ಲ!

ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮ ನಾಡಿನ ಭೂಸುಧಾರಣೆಯದು. 1972ರ ಮಾರ್ಚ್ 20ರಂದು ದೇವರಾಜ ಅರಸರು ಮುಖ್ಯಮಂತ್ರಿಯಾದರು. ಉಳುವವನೇ ಹೊಲದೊಡೆಯ ಎಂಬ ಮಾತನ್ನು ಆ ಹೊತ್ತಿಗೆ ಜನ ಅನೇಕ ನಾಯಕರಿಂದ ಕೇಳಿ ಸಾಕಾಗಿತ್ತು. ಆದರೆ ತಿದ್ದುಪಡಿಯಾದ ಭೂಸುಧಾರಣಾ ಕಾನೂನು 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಕೊಟ್ಟ ಭೂಮಿ ಸರಕಾರದ ವಶವಾಯಿತು. ಅದು ಗೇಣಿದಾರನ ಕೈಗೆ ಬರಬೇಕಾದರೆ ಆತ ಒಂದು ಕೆಲಸ ಮಾಡಬೇಕಿತ್ತು: ಏಳನೇ ನಮೂನೆಯ ಅರ್ಜಿಯನ್ನು ತುಂಬಿ ಭೂನ್ಯಾಯಮಂಡಳಿಗೆ ಕೊಡಬೇಕಿತ್ತು. ಕರಾವಳಿಯಲ್ಲಿ ಇಂದಿಗೂ ಹಿರಿಯರು ಇದನ್ನು ಡಿಕ್ಲರೇಶನ್ ಕೊಡುವುದು ಎನ್ನುತ್ತಾರೆ.

ಆ ಕಾಗದದ ಮುಂದೆ ಕುಳಿತ ಗೇಣಿದಾರನ ಸ್ಥಿತಿಯನ್ನು ಊಹಿಸಿ. ಅರ್ಜಿ ಕೊಟ್ಟರೆ ಧಣಿಯ ಕೋಪ ಖಂಡಿತ, ಭೂಮಿ ಸಿಗುವುದು ಖಂಡಿತವಲ್ಲ. ನಾಳೆ ಸರಕಾರ ಬಿದ್ದರೆ ಯಾರು ಗತಿ? ಇದೆಲ್ಲ ಮತಕ್ಕಾಗಿ ಆಡುವ ನಾಟಕ ಎಂದು ಹೇಳುವವರು ಪ್ರತಿ ಊರಿನಲ್ಲೂ ಇದ್ದರು. ಆದರೂ ರಾಜ್ಯದಾದ್ಯಂತ ಸುಮಾರು ಎಂಟು ಲಕ್ಷ ಅರ್ಜಿಗಳು ಬಂದವು. ಲಕ್ಷಾಂತರ ಕುಟುಂಬಗಳು ಭೂಮಿಯ ಒಡೆತನ ಪಡೆದವು. ಅವರಲ್ಲಿ ಎಲ್ಲ ಜಾತಿ ಧರ್ಮದವರೂ ಇದ್ದರು, ಕರಾವಳಿಯ ಬ್ಯಾರಿಗಳೂ ಇದ್ದರು. ಭಯದಿಂದಲೋ ಧಣಿಯ ಮೇಲಿನ ನಿಷ್ಠೆಯಿಂದಲೋ ಇದರಿಂದ ಏನೂ ಆಗದು ಎಂಬ ಉದಾಸೀನದಿಂದಲೋ ಅರ್ಜಿ ಕೊಡದವರೂ ಇದ್ದರು. ಕೊನೆಯ ದಿನಾಂಕವನ್ನು 1979ರ ಜೂನ್ 30ರವರೆಗೆ ವಿಸ್ತರಿಸಿದರೂ ಅವರು ಕೊಡಲಿಲ್ಲ.

ಏನೂ ಆಗದು ಎಂದವರ ಭವಿಷ್ಯವಾಣಿ ಅವರ ಪಾಲಿಗೆ ಅಕ್ಷರಶಃ ನಿಜವಾಯಿತು. ಅವರಿಗೆ ಏನೂ ಆಗಲಿಲ್ಲ. ಪಕ್ಕದ ಗದ್ದೆಯವನಿಗೆ ಅದೇ ಸರಕಾರದಲ್ಲಿ, ಅದೇ ಕಾನೂನಿನಡಿ ಭೂಮಿ ಸಿಕ್ಕಿತು. ಸಿನಿಕತೆಯ ಅಪಾಯ ಇರುವುದು ಇಲ್ಲಿ. ನಾಳೆ ಹೀಗೇ ಆಗುತ್ತದೆ ಎಂದು ಅದು ಊಹಿಸಿ ಸುಮ್ಮನಿರುವುದಿಲ್ಲ, ಹಾಗೆಯೇ ಆಗುವಂತೆ ನಮ್ಮ ಕೈ ಕಟ್ಟಿಹಾಕುತ್ತದೆ. ಆಮೇಲೆ ನೋಡಿದಿರಾ, ನಾವು ಹೇಳಲಿಲ್ಲವೇ ಎಂದು ತೃಪ್ತಿಪಡುತ್ತದೆ.

ಹೆಗಡೆಯವರ ಕಾಲದ ಕಥೆಗೂ ಇನ್ನೊಂದು ಮುಖವಿದೆ. ಆ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಹೊತ್ತವರು ಗುಂಡ್ಲುಪೇಟೆಯ ಅಬ್ದುಲ್ ನಝೀರ್ ಸಾಬ್. ಬರದ ದಿನಗಳಲ್ಲಿ ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿದ ಅವರನ್ನು ಜನ ಪ್ರೀತಿಯಿಂದ ನೀರ್ ಸಾಬ್ ಎಂದೇ ಕರೆದರು. ಅವರ ಆಸ್ಥೆಯಿಂದ ರೂಪುಗೊಂಡ 1983ರ ಕಾನೂನಿನಡಿ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತ್‌ಗಳಿಗೆ ಚುನಾವಣೆ ನಡೆಯಿತು. ಶೇ. 25ರಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಯಿತು. ದೇಶದ ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂದದ್ದು ಆ ನಂತರ, 1992ರಲ್ಲಿ. ಹೆಗಡೆಯವರು ರಾಜೀನಾಮೆ ಕೊಟ್ಟ 1988ರಲ್ಲೇ ನಝೀರ್ ಸಾಬ್ ತೀರಿಕೊಂಡರು. ಸರಕಾರ ಹೋಯಿತು. ಪಂಚಾಯತ್ ಕಟ್ಟೆಯ ಮೇಲೆ ಕುಳಿತು ಮಾತನಾಡಲು ಕಲಿತ ಹೆಣ್ಣುಮಕ್ಕಳು ಹೋಗಲಿಲ್ಲ.

ಹಾಗಾದರೆ ಆ ಸರಕಾರ ಒಳ್ಳೆಯದೋ ಕೆಟ್ಟದ್ದೋ? ಎರಡೂ ಹೌದು. ಒಂದೇ ಸಂಪುಟದಲ್ಲಿ ಬತ್ತದ ನೀರೂ ಇತ್ತು, ಕದ್ದಾಲಿಸುವ ಕಿವಿಯ ಆರೋಪವೂ ಇತ್ತು. ಇವೆರಡನ್ನೂ ಬೇರ್ಪಡಿಸಿ ನೋಡುವ ಶ್ರಮ ಸಿನಿಕನಿಗೂ ಬೇಡ, ಅಭಿಮಾನಿಗೂ ಬೇಡ. ಎಲ್ಲರೂ ಕಳ್ಳರೇ ಎಂಬ ಮಾತು ಕೇಳಲು ಖಾರವಾಗಿರುತ್ತದೆ. ಆದರೆ ಅದರಿಂದ ನಿಜವಾದ ಕಳ್ಳನಿಗೆ ಎಷ್ಟು ಅನುಕೂಲವೆಂದು ಯೋಚಿಸಿದ್ದೇವೆಯೇ? ಎಲ್ಲರೂ ಕಳ್ಳರಾದರೆ ಅವನನ್ನು ಮಾತ್ರ ಏಕೆ ಹಿಡಿಯಬೇಕು? 2011ರ ಜುಲೈಯಲ್ಲಿ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ಕುರಿತು ವರದಿ ಕೊಟ್ಟಾಗ ಅದರಲ್ಲಿ ಎಲ್ಲರೂ ಎಂಬ ಪದದಿಂದ ಕೆಲಸ ನಡೆದಿರಲಿಲ್ಲ. ಹೆಸರು, ದಾಖಲೆ, ಲೆಕ್ಕ ಬೇಕಾಗಿದ್ದವು. ಕಡತದ ಮೇಲೆ ಕಡತ ಓದಲು ತಾಳ್ಮೆ ಬೇಕು. ಓದಿದರೆ ಏನಾದರೂ ಆದೀತೆಂಬ ನಂಬಿಕೆಯಿಲ್ಲದವನಿಗೆ ಆ ತಾಳ್ಮೆ ಎಲ್ಲಿಂದ ಬರಬೇಕು?

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಭರವಸೆ ಎಂದರೆ ನಾಯಕನ ಭಕ್ತಿಯಲ್ಲ. ಗೆದ್ದವನ ಕೊರಳಿಗೆ ಸೇಬಿನ ಹಾರ ಹಾಕಿ ಮನೆಗೆ ಹೋಗಿ ಮಲಗುವವನೂ ಸಿನಿಕನಂತೆಯೇ ತನ್ನ ಕೆಲಸವನ್ನು ಬಿಟ್ಟವನು. ಪ್ರವಾದಿವರ್ಯರ(ಸ) ನಿಧನಾನಂತರ ಕ್ರಿ.ಶ. 632ರಲ್ಲಿ ಹೊಣೆ ವಹಿಸಿಕೊಂಡ ಅಬೂಬಕರ್(ರ) ತಮ್ಮ ಮೊದಲ ಭಾಷಣದಲ್ಲಿ ಜನರ ಮುಂದೆ ಇಟ್ಟ ಬೇಡಿಕೆ ಪ್ರಸಿದ್ಧವಾದುದು. ತಾನು ಸರಿ ದಾರಿಯಲ್ಲಿದ್ದರೆ ನೆರವಾಗಿ, ತಪ್ಪಿದರೆ ತಿದ್ದಿ ಎಂಬ ಅರ್ಥದ ಮಾತದು. ಅಧಿಕಾರಕ್ಕೆ ಬಂದವನ ಮುಂದೆ ಪ್ರಜೆಯ ಕರ್ತವ್ಯ ಏನೆಂಬುದಕ್ಕೆ ಇದಕ್ಕಿಂತ ಚಿಕ್ಕ ಪಟ್ಟಿ ಸಿಗಲಾರದು. ಎರಡೂ ಕರ್ತವ್ಯಗಳಿಗೆ ಭರವಸೆಯೇ ಬಂಡವಾಳ. ತಿದ್ದಿದರೆ ತಿದ್ದಿಕೊಳ್ಳಬಹುದು ಎಂಬ ನಿರೀಕ್ಷೆ ಇದ್ದವನು ಮಾತ್ರ ತಿದ್ದಲು ಹೋಗುತ್ತಾನೆ.

ಇನ್ನು ಕಷ್ಟದ ಪ್ರಶ್ನೆಗೆ ಬರೋಣ. ನಮಗೆ ಬೇಕಾದವರು ಗೆದ್ದಾಗ ಭರವಸೆ ಇಡುವುದು ದೊಡ್ಡ ಮಾತಲ್ಲ. ನಮ್ಮ ವಿರುದ್ಧವೇ ಮಾತನಾಡಿ ಗೆದ್ದವರು ಬಂದರೆ? ನಾಡಿನ ಮುಸ್ಲಿಮರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. 2022ರ ಫೆಬ್ರವರಿಯಲ್ಲಿ ಸಮವಸ್ತ್ರದ ಆದೇಶದಿಂದಾಗಿ ತರಗತಿಯ ಹೊರಗೆ ಉಳಿದ ಹೆಣ್ಣುಮಕ್ಕಳ ಮನೆಯಲ್ಲಿ ಕುಳಿತು ಆಶಾವಾದದ ಉಪದೇಶ ಮಾಡುವುದು ಸುಲಭವಲ್ಲ. ಯಾರು ಬಂದರೂ ನಮಗೇನು ಎಂಬ ಮಾತು ಅಲ್ಲಿ ಸೋಮಾರಿತನದಿಂದ ಬರುವುದಿಲ್ಲ, ಗಾಯದಿಂದ ಬರುತ್ತದೆ. ಅದನ್ನು ಗೌರವದಿಂದಲೇ ಕೇಳಬೇಕು.

ಆದರೂ ಒಂದು ಮಾತಿದೆ. ಪ್ರತಿಯೊಬ್ಬ ಮಂತ್ರಿಯೂ ಸಂವಿಧಾನಕ್ಕೆ ನಿಷ್ಠನಾಗಿರುವೆನೆಂದು ಪ್ರಮಾಣ ಮಾಡುತ್ತಾನೆ. ಭಯವಾಗಲಿ ಪಕ್ಷಪಾತವಾಗಲಿ ರಾಗದ್ವೇಷವಾಗಲಿ ಇಲ್ಲದೆ ಎಲ್ಲ ಜನರಿಗೂ ನ್ಯಾಯವಾಗಿ ನಡೆದುಕೊಳ್ಳುವೆನೆಂಬುದು ಅದರ ಸಾರ. ಅವನ ಮನಸ್ಸಿನಲ್ಲಿ ಏನಿದೆ ಎಂಬುದು ದೇವನಿಗೆ ಗೊತ್ತು. ಅವನು ಬಾಯಾರೆ ಹೇಳಿದ್ದು ಮಾತ್ರ ನಮ್ಮ ಕೈಯಲ್ಲಿರುವ ಸಾಲಪತ್ರ. ಸಾಲಗಾರ ಒಳ್ಳೆಯವನಲ್ಲವೆಂದು ಪತ್ರವನ್ನು ಹರಿದೆಸೆಯುವವರುಂಟೇ? 2023ರ ಮಾರ್ಚ್‌ನಲ್ಲಿ ಅಂದಿನ ಸರಕಾರ ಮುಸ್ಲಿಮರ 2ಬಿ ಮೀಸಲಾತಿಯನ್ನು ತೆಗೆದುಹಾಕಿದಾಗ ಕೆಲವರು ಆ ಪತ್ರ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. ಆ ಆದೇಶವನ್ನು ಸದ್ಯಕ್ಕೆ ಜಾರಿ ಮಾಡುವುದಿಲ್ಲವೆಂದು ಸರಕಾರವೇ ನ್ಯಾಯಾಲಯದಲ್ಲಿ ಹೇಳಬೇಕಾಯಿತು. ಹೋದವರು ಆಳುವವರನ್ನು ನಂಬಿ ಹೋದವರಲ್ಲ. ಆದರೆ ಏನೂ ಆಗದು ಎಂದು ಮನೆಯಲ್ಲಿ ಕುಳಿತವರೂ ಅಲ್ಲ.

ಪ್ರವಾದಿ ಯಾಕೂಬ್(ಅ) ಅವರ ಕಥೆ ನಮಗೆ ಗೊತ್ತು. ಮಗ ಯೂಸುಫ್(ಅ) ಕಾಣೆಯಾಗಿ ವರ್ಷಗಳೇ ಕಳೆದಿದ್ದವು. ಅತ್ತು ಅತ್ತು ಕಣ್ಣು ಹೋಗಿತ್ತು. ಇನ್ನೊಬ್ಬ ಮಗನೂ ಕೈತಪ್ಪಿದ ಹೊತ್ತಿನಲ್ಲಿ ಅವರು ಉಳಿದ ಮಕ್ಕಳಿಗೆ ಎರಡು ಮಾತು ಹೇಳುತ್ತಾರೆ: ದೇವನ ಕರುಣೆಯಲ್ಲಿ ನಿರಾಶರಾಗಬೇಡಿ ಎಂಬುದು ಒಂದು. ಹೋಗಿ ಹುಡುಕಿ ಎಂಬುದು ಇನ್ನೊಂದು. ಸುಳ್ಳು ಹೇಳಿ ಒಮ್ಮೆ ತನ್ನನ್ನು ವಂಚಿಸಿದ್ದ ಅದೇ ಮಕ್ಕಳಿಗೆ ಅವರು ಇದನ್ನು ಹೇಳುತ್ತಾರೆ ಎಂಬುದನ್ನು ಗಮನಿಸಬೇಕು. ಮಕ್ಕಳ ವಂಚನೆ ಅವರಿಗೆ ಮರೆತಿರಲಿಲ್ಲ. ಆದರೆ ಹುಡುಕಾಟ ನಿಲ್ಲಬಾರದಿತ್ತು.

ಈಗ ನಮ್ಮ ಬೀದಿಯ ಮಾತು. 2025ರ ಆಗಸ್ಟ್ 15ರ ಬೆಳಿಗ್ಗೆ ವಿಲ್ಸನ್ ಗಾರ್ಡನ್‌ನ ಚಿನ್ನಯ್ಯನಪಾಳ್ಯದಲ್ಲಿ ಸ್ಫೋಟ ಸಂಭವಿಸಿತು. ಗಾಳಿಯೂ ಸರಿಯಾಗಿ ಆಡದ ಇಕ್ಕಟ್ಟಿನ ಓಣಿ. ಒಬ್ಬ ಪುಟ್ಟ ಬಾಲಕ ಸತ್ತ, ಹಲವರು ಗಾಯಗೊಂಡರು, ಅಕ್ಕಪಕ್ಕದ ಮನೆಗಳು ಕುಸಿದವು. ಮುಖ್ಯಮಂತ್ರಿಗಳು ಸ್ಥಳಕ್ಕೆ ಬಂದರು, ಮೃತನ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿದರು. ಇಂಥ ಕಡೆ ನಾಯಕರು ಬಂದಾಗಲೆಲ್ಲ ಕೆಲವರು ಜೈಕಾರ ಹಾಕುತ್ತಾರೆ, ಕೆಲವರು ಫೋಟೋಗೆ ಬಂದರೆಂದು ಮೂಗು ಮುರಿಯುತ್ತಾರೆ. ಇಬ್ಬರಿಂದಲೂ ಆ ತಾಯಿಗೆ ಪ್ರಯೋಜನವಿಲ್ಲ. ಆಕೆಗೆ ಬೇಕಾದವನು ಮೂರನೆಯವನು. ಕೊಟ್ಟ ಮಾತನ್ನು ದಿನಾಂಕ ಹಾಕಿ ಬರೆದಿಟ್ಟುಕೊಂಡು, ತಿಂಗಳ ನಂತರ ಕಚೇರಿಗೆ ಹೋಗಿ ಎಲ್ಲಿಗೆ ಬಂತು ಎಂದು ಕೇಳುವವನು. ಇಂಥ ಓಣಿಗಳ ಉಳಿದ ಮನೆಗಳ ಸುರಕ್ಷೆಗೆ ಏನು ಮಾಡಿದಿರಿ ಎಂದೂ ಕೇಳುವವನು.

ಕೇಳುವುದಾದರೂ ಯಾರನ್ನು ಎಂದು ನೀವು ಪ್ರಶ್ನಿಸಬಹುದು. ನ್ಯಾಯವೇ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಆ ಪಾಲಿಕೆಯೇ ಇಲ್ಲವಾಗಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ನಡುವಿನ ಐದು ವರ್ಷ ಚರಂಡಿ ಕಟ್ಟಿದರೆ ಬಾಗಿಲು ತಟ್ಟಲು ವಾರ್ಡಿಗೊಬ್ಬ ಸದಸ್ಯನಿರಲಿಲ್ಲ. ಬೇರೆ ಬೇರೆ ಪಕ್ಷಗಳು ಆಳಿದರೂ ಯಾರೂ ಚುನಾವಣೆ ನಡೆಸಲಿಲ್ಲ. ಸಿನಿಕನಿಗೆ ಇದು ಹಬ್ಬದೂಟ. ಆದರೆ ಇನ್ನೊಂದು ಅಂಕಿಯನ್ನೂ ನೋಡಿ. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದಲ್ಲಿ ಸುಮಾರು ಶೇ. 73ರಷ್ಟು ಮತದಾನವಾದರೆ ಬೆಂಗಳೂರಿನಲ್ಲಿ ಆದದ್ದು ಶೇ. 55ರ ಆಸುಪಾಸು. ಯಾರು ಬಂದರೂ ಅಷ್ಟೇ ಎನ್ನುವ ಊರಿಗೆ ಅದರ ಪ್ರತಿನಿಧಿಗಳನ್ನು ಕೊಡುವ ಅವಸರ ಯಾವ ಸರಕಾರಕ್ಕೆ ಇದ್ದೀತು?

ನಮ್ಮ ಬಡಾವಣೆಯ ಪಕ್ಕದ ಡಬಲ್ ರೋಡಿಗೆ ಕೆಂಗಲ್ ಹನುಮಂತಯ್ಯನವರ ಹೆಸರಿದೆ. ಅವರು ಕಟ್ಟಿಸಿದ ವಿಧಾನಸೌಧದ ಹಣೆಯ ಮೇಲೆ ಸರಕಾರದ ಕೆಲಸ ದೇವರ ಕೆಲಸ ಎಂದು ಬರೆದಿದೆ. ಅದನ್ನು ಓದಿ ನಗುವವರು ಬಹಳ. ನಗುವುದು ತಪ್ಪೇನಲ್ಲ. ಆದರೆ ನಕ್ಕು ಹಿಂದಿರುಗುವ ಬದಲು ಒಂದು ಅರ್ಜಿ ಹಿಡಿದು ಒಳಗೆ ಹೋದರೆ ಆ ಬರಹ ಗೋಡೆಯ ಅಲಂಕಾರವಾಗಿ ಉಳಿಯದೆ ನಮ್ಮ ಪರವಾದ ಸಾಕ್ಷಿಯಾಗುತ್ತದೆ. ಮುಂದೆಯೂ ಹೊಸ ಮುಖ್ಯಮಂತ್ರಿಗಳು ಬರುತ್ತಾರೆ. ಅವರಲ್ಲಿ ಕೆಲವರು ನಮ್ಮನ್ನು ನಿರಾಶೆಗೊಳಿಸುತ್ತಾರೆ ಎಂಬುದೂ ಖಚಿತ. ಹಾಗಿದ್ದರೂ ಅವರು ಪ್ರಮಾಣ ಮಾಡಿದ ಮರುದಿನ ನಮ್ಮ ಓಣಿಯ ಅರ್ಜಿ ಅವರ ಮೇಜಿನ ಮೇಲಿರಬೇಕು. ಏಳನೇ ನಮೂನೆ ತುಂಬಿದ ಆ ಗೇಣಿದಾರನಿಗೂ ನಾಳೆ ಏನಾಗುತ್ತದೆಂದು ಗೊತ್ತಿರಲಿಲ್ಲ.