ಗುಣದ ಹೆಸರು, ಕ್ರಿಯೆಯ ರೀತಿ

ಇಂಗ್ಲಿಷಿನ ಕೈಂಡ್‌ನೆಸ್ ಎಂಬುದು ಭಾವನಾಮ, ಅಂದರೆ ಕಣ್ಣಿಗೆ ಕಾಣದ ಗುಣಕ್ಕೋ ಸ್ಥಿತಿಗೋ ಇಟ್ಟ ಹೆಸರು. ಕೈಂಡ್ಲಿ ಎಂಬುದು ಕ್ರಿಯಾವಿಶೇಷಣ, ಅಂದರೆ ಕೆಲಸ ನಡೆದ ರೀತಿಯನ್ನು ತಿಳಿಸುವ ಪದ. ಪ್ರತ್ಯಯವನ್ನು ನೋಡಿ ಇವುಗಳನ್ನು ಗುರುತಿಸಬೇಕೆಂಬ ಶಾಲೆಯ ಪಾಠ ಬಹುದೂರ ಬರುವುದಿಲ್ಲ, ಏಕೆಂದರೆ ಫ್ರೆಂಡ್ಲಿ ಎಂಬುದು ‘ಲಿ’ಯಿಂದ ಮುಗಿದರೂ ಗುಣವಾಚಕ, ಫಾಸ್ಟ್ ಎಂಬುದು ಯಾವ ಪ್ರತ್ಯಯವನ್ನೂ ಪಡೆಯದೆ ಕ್ರಿಯಾವಿಶೇಷಣವಾಗಬಲ್ಲದು. ನಂಬಲರ್ಹವಾದ ಗುರುತು ವಾಕ್ಯದೊಳಗಿನ ಸ್ಥಾನವೇ: ಭಾವನಾಮ ಕರ್ತೃವಾಗಿಯೋ ಕರ್ಮವಾಗಿಯೋ ನಿಲ್ಲುತ್ತದೆ, ರೀತಿಯನ್ನು ಹೇಳುವ ಕ್ರಿಯಾವಿಶೇಷಣಕ್ಕೆ ಆ ಪದವಿಯಿಲ್ಲ.

ತತ್ತ್ವಶಾಸ್ತ್ರದ ತೊಡಕು ಹುಟ್ಟುವುದು ಇಲ್ಲಿಯೇ. ಕರ್ತೃಸ್ಥಾನದಲ್ಲಿ ಕುಳಿತ ಪದಕ್ಕೆ ಹೊರಗೆ ಒಂದು ವಸ್ತುವೂ ಇರಬೇಕೆಂದು ಮನಸ್ಸು ಸುಲಭವಾಗಿ ಒಪ್ಪಿಬಿಡುತ್ತದೆ. ತತ್ತ್ವಜ್ಞ ಗಿಲ್ಬರ್ಟ್ ರೈಲ್ 1949ರಲ್ಲಿ ಪ್ರಕಟಿಸಿದ ‘ದ ಕಾನ್ಸೆಪ್ಟ್ ಆಫ್ ಮೈಂಡ್’ ಗ್ರಂಥದಲ್ಲಿ ಈ ಒಪ್ಪಿಗೆಯನ್ನೇ ಪ್ರಶ್ನಿಸಿದ. ನೇಕಾರನೊಬ್ಬ ಕಡಿದ ಎಳೆಯನ್ನು ಬೆರಳ ತುದಿಯಲ್ಲಿ ಹೊಸೆದು, ಗಂಟು ಮೇಲೆ ಕಾಣದಂತೆ ಒಳಗೆ ಸೇರಿಸಿ, ನೇಯ್ಗೆಯನ್ನು ಜಾಣತನದಿಂದ ಮುಂದುವರಿಸಿದನೆನ್ನೋಣ. ರೈಲ್‌ನ ವಾದದಂತೆ ಅಲ್ಲಿ ಬೆರಳಿನದೊಂದು ಕೆಲಸ, ತಲೆಯೊಳಗೆ ಅಡಗಿದ ಜಾಣತನದ್ದು ಇನ್ನೊಂದು ಕೆಲಸ ಎಂದು ಎರಡಿಲ್ಲ, ಇರುವುದು ಒಂದು ರೀತಿಯಲ್ಲಿ ನಡೆದ ಒಂದೇ ಕೆಲಸ.

ಕನ್ನಡದಲ್ಲಿ ಈ ವಾದವನ್ನು ಹೇಳುವುದು ಅಷ್ಟು ಸಲೀಸಲ್ಲ. ಇಂಗ್ಲಿಷಿನಲ್ಲಿ ನಾಮವೂ ಕ್ರಿಯಾವಿಶೇಷಣವೂ ಕೈಂಡ್ ಎಂಬ ಗುಣವಾಚಕದಿಂದ ಬೇರೆಬೇರೆಯಾಗಿ ಕವಲೊಡೆದರೆ, ಕನ್ನಡದಲ್ಲಿ ‘ದಯೆಯಿಂದ’, ‘ಜಾಣತನದಿಂದ’ ಎಂಬ ರೂಪಗಳು ಭಾವನಾಮಕ್ಕೇ ತೃತೀಯಾ ವಿಭಕ್ತಿ ಹತ್ತಿ ಆದವು, ಆದ್ದರಿಂದ ರೀತಿಯನ್ನು ಹೇಳುವಾಗಲೂ ಗುಣದ ಹೆಸರು ಬಿಟ್ಟುಹೋಗುವುದಿಲ್ಲ. ಹೆಸರನ್ನು ಪೂರ್ತಿ ಕಿತ್ತುಹಾಕುವುದು ಸಾಧುವೂ ಅಲ್ಲವೆನ್ನಬೇಕು: ಭಕ್ತನು ದೇವರಲ್ಲಿ ತಾಳ್ಮೆಯನ್ನು ಬೇಡಬಹುದು, ‘ತಾಳ್ಮೆಯಿಂದ’ ಎಂಬುದನ್ನು ಬೇಡಲಾಗದು. ಸಂಸ್ಕೃತದ ‘ತ್ವ’, ‘ತಾ’ ಪ್ರತ್ಯಯಗಳು ಭಾವವನ್ನು ಸೂಚಿಸುತ್ತವೆಂದು ಪಾಣಿನಿ ವಿಧಿಸಿದಾಗ, ಯಾವ ಗುಣವಿರುವುದರಿಂದ ಒಂದು ದ್ರವ್ಯಕ್ಕೆ ಆ ಶಬ್ದ ಸಲ್ಲುತ್ತದೆಯೋ ಆ ಗುಣವೇ ಇಲ್ಲಿನ ಅರ್ಥವೆಂದು ಕಾತ್ಯಾಯನನ ವಾರ್ತಿಕ ವಿವರಿಸಿತು. ಇಲ್ಲಿ ಭಾವವೆಂದರೆ ದ್ರವ್ಯದ ಪಕ್ಕದಲ್ಲಿ ನಿಂತ ಮತ್ತೊಂದು ದ್ರವ್ಯವಲ್ಲ, ಶಬ್ದಪ್ರಯೋಗಕ್ಕಿರುವ ಆಧಾರ.

ವ್ಯಾಕರಣದ ಈ ಸೂಕ್ಷ್ಮ ಬ್ರಹ್ಮವಿಚಾರದವರೆಗೂ ಹೋಯಿತು. ತೈತ್ತಿರೀಯೋಪನಿಷತ್ತು ಬ್ರಹ್ಮವನ್ನು ಜ್ಞಾನವೆಂದು ಕರೆಯುವಲ್ಲಿ ಆ ಶಬ್ದ ಭಾವಸಾಧನ, ಅಂದರೆ ಅರಿಯುವವನನ್ನಲ್ಲದೆ ಅರಿವನ್ನೇ ಹೇಳುವ ಕೃದಂತ ಭಾವನಾಮ ಎಂದು ಶಂಕರರ ಭಾಷ್ಯ ಸಾಧಿಸುತ್ತದೆ, ಏಕೆಂದರೆ ಬ್ರಹ್ಮ ಅರಿಯುವ ಕರ್ತೃವಾದರೆ ಅರಿಯಲ್ಪಡುವ ವಸ್ತು ಅದರಿಂದ ಬೇರೆಯಾಗಿ ಅನಂತತ್ವಕ್ಕೆ ಧಕ್ಕೆ ಬರುತ್ತದೆ. ಆದರೆ ಅರಿಯುವುದೆಂಬ ಧಾತ್ವರ್ಥ ಕ್ರಿಯೆಯಾದುದರಿಂದ ವಿಕಾರವನ್ನು ಒಳಗೊಂಡಿರುತ್ತದೆ, ಬ್ರಹ್ಮಕ್ಕೆ ವಿಕಾರವಿಲ್ಲ. ಹೀಗಾಗಿ ಭಾವನಾಮವನ್ನು ಅಷ್ಟು ಶ್ರಮದಿಂದ ಸ್ಥಾಪಿಸಿದ ಭಾಷ್ಯವೇ, ಆ ಶಬ್ದ ಬ್ರಹ್ಮವನ್ನು ಲಕ್ಷಣೆಯಿಂದ ತೋರಿಸುತ್ತದೆಯೇ ಹೊರತು ನೇರವಾಗಿ ಹೇಳುವುದಿಲ್ಲವೆಂದು ಒಪ್ಪುತ್ತದೆ.